ಬಿಡಿ ಥಿನ್ನರ್ ತಂದು ಟ್ಯಾಂಕ್ ಮಾಡೆಲ್ ಮೇಲೆ ಹಾಕಬೇಡಿ: ಮುಂಬೈ ಮಳೆಗಾಲದ ಎಚ್ಚರಿಕೆ

ಮುಂಬೈ, ಠಾಣೆ, ಪುಣೆ ಕಡೆ 1/35 ಅಳತೆಯ ಟ್ಯಾಂಕ್ ಮಾಡೆಲ್ ಕಟ್ಟುವವರು ದಯವಿಟ್ಟು ಇದನ್ನು ಓದಿ, ಆಮೇಲೆ ಬಣ್ಣದ ಕೆಲಸಕ್ಕೆ ಕೂರಿ. ಈ ಜುಲೈಯಲ್ಲಿ ಡೊಂಬಿವಲಿಯ ಗೆಳೆಯರೊಬ್ಬರ ಸೆಂಚೂರಿಯನ್, ಅಂದರೆ ಆ ಹೆಸರಿನ ಬ್ರಿಟಿಷ್ ಯುದ್ಧಟ್ಯಾಂಕಿನ ಮಾಡೆಲ್, ಕೊನೇ ಹಂತದಲ್ಲಿ ಹಾಳಾಯಿತು. ಜೋಡಣೆ ಅಚ್ಚುಕಟ್ಟಾಗಿತ್ತು, ಆಲಿವ್ ಬಣ್ಣವೂ ಚೆನ್ನಾಗಿ ಕೂತಿತ್ತು. ಕೆಡಿಸಿದ್ದು ಹಾರ್ಡ್‌ವೇರ್ ಅಂಗಡಿಯೊಂದರಿಂದ ಬಿಡಿಯಾಗಿ ತಂದ ಎರಡು ಬಾಟಲಿ. ಒಂದರಲ್ಲಿ ಟರ್ಪೆಂಟೈನ್ ಎಂದು ಕೊಟ್ಟದ್ದು, ಇನ್ನೊಂದರಲ್ಲಿ ಎನ್‌ಸಿ (ನೈಟ್ರೋಸೆಲ್ಯುಲೋಸ್) ಥಿನ್ನರ್. ಎರಡೂ ಹಳೇ ನೀರಿನ ಬಾಟಲಿಗೆ ಸುರಿದು ಕೊಟ್ಟವು; ಲೇಬಲ್ ಇಲ್ಲ, ಮುಚ್ಚಳದ ಮೇಲೆ ಮಾರ್ಕರಿನಲ್ಲಿ ಬರೆದ ಒಂದೊಂದು ಅಕ್ಷರ ಅಷ್ಟೆ. ‘ಪೇಂಟರುಗಳೆಲ್ಲ ಇದನ್ನೇ ಒಯ್ಯೋದು’ ಎಂದು ಅಂಗಡಿಯವರು ಹೇಳಿದ್ದು ನಿಜವೇ. ಬಾಗಿಲಿಗೆ, ಗ್ರಿಲ್ಲಿಗೆ ಅದು ನಡೆಯುತ್ತದೆ. ಮಾಡೆಲ್ ಇರುವುದು ಪಾಲಿಸ್ಟೈರೀನ್ ಪ್ಲಾಸ್ಟಿಕ್ಕಿನಲ್ಲಿ.

ಇಲ್ಲಿಯವರು ಇಂಥ ಬಾಟಲಿಗೆ ಕೈಹಾಕುವುದಕ್ಕೆ ಕಾರಣ ಇದೆ. ಹೊತ್ತಿಕೊಳ್ಳುವ ದ್ರವಗಳನ್ನು ವಿಮಾನದಲ್ಲಿ ಸಾಗಿಸಲು ನಿರ್ಬಂಧವಿರುವುದರಿಂದ ಹೊರದೇಶದ ಲ್ಯಾಕರ್ ಥಿನ್ನರುಗಳು ನಮ್ಮಲ್ಲಿ ಸಲೀಸಾಗಿ ಸಿಗುವುದಿಲ್ಲ, ಸಿಕ್ಕರೂ ದುಬಾರಿ. ಅದರ ಜೊತೆಗೆ, ಸೆಂಚೂರಿಯನ್ ಎಂದರೆ ಈ ಭಾಗದವರಿಗೆ ವಿಶೇಷ ಅಕ್ಕರೆ. 1971ರ ಭಾರತ-ಪಾಕ್ ಯುದ್ಧದಲ್ಲಿ, ಡಿಸೆಂಬರ್ 16ರಂದು ಬಸಂತರ್ ಕದನದಲ್ಲಿ ಪರಮವೀರ ಚಕ್ರದ ಅರುಣ್ ಖೇತರಪಾಲ್ ಹೋರಾಡಿದ್ದು ‘ಫಾಮಗುಸ್ತಾ’ ಹೆಸರಿನ ಸೆಂಚೂರಿಯನ್ನಿನಲ್ಲಿ. ಅವರು ಹುಟ್ಟಿದ್ದು ಪುಣೆಯಲ್ಲಿ, ಸೇರಿದ್ದು ಪೂನಾ ಹಾರ್ಸ್ ರೆಜಿಮೆಂಟಿಗೆ. ಅಹ್ಮದ್‌ನಗರದ, ಈಗಿನ ಅಹಿಲ್ಯಾನಗರದ, ಟ್ಯಾಂಕ್ ಮ್ಯೂಸಿಯಮ್ಮಿಗೆ ಒಮ್ಮೆ ಹೋಗಿಬಂದವರಿಗೆ ಮನೆಯಲ್ಲೂ ಒಂದು ಸೆಂಚೂರಿಯನ್ ಇರಲಿ ಅನ್ನಿಸಿಯೇ ಅನ್ನಿಸುತ್ತದೆ. ಹಾಗೆ ಆಸೆಪಟ್ಟು ಕಟ್ಟಿದ್ದು ಹಾಳಾದಾಗ ಆಗುವ ಸಂಕಟ ಸಣ್ಣದಲ್ಲ.

ಮೊದಲ ಪೆಟ್ಟು ಬಿದ್ದದ್ದು ವಾಶ್, ಅಂದರೆ ಸಂದಿಗೊಂದಿಗೆ ಇಳಿಯುವ ನೀರುನೀರಾದ ಬಣ್ಣ, ಹಾಕುವಾಗ. ಅಕ್ರಿಲಿಕ್ ಬಣ್ಣ, ಅದರ ಮೇಲೆ ಹೊಳಪಿನ ಕ್ಲಿಯರ್ (ಬಣ್ಣವಿಲ್ಲದ ಪಾರದರ್ಶಕ ಪದರ), ಅದು ಒಣಗಿದ ಮೇಲೆ ಕಂದು ಎನಾಮಲ್ಲನ್ನು ಆ ಟರ್ಪೆಂಟೈನಿನಲ್ಲಿ ಕದಡಿ ಹಲ್‌ನ (ಟ್ಯಾಂಕಿನ ಒಡಲಿನ) ಕೆಳಭಾಗಕ್ಕೆ ಧಾರಾಳವಾಗಿ ಹಚ್ಚಿದರು. ಕ್ರಮ ಸರಿಯಾಗಿಯೇ ಇತ್ತು. ಬೆಳಿಗ್ಗೆ ಎತ್ತಿದಾಗ ಎಡಗಡೆಯ ಎರಡು ಚಕ್ರ ಕೈಗೇ ಬಂದವು. ಸೆಂಚೂರಿಯನ್ನಿನ ಹಾರ್ಸ್ಟ್‌ಮನ್ ಸಸ್ಪೆನ್ಷನ್ನಿನಲ್ಲಿ ಒಂದೊಂದು ಬದಿಗೆ 3 ಬೋಗಿ (ಚಕ್ರಗಳನ್ನು ಹೊರುವ ಜೋಡಣೆ), ಬೋಗಿಗೆ 2 ಚಕ್ರ. ಮುರಿದದ್ದು ಬೋಗಿಯ ತೋಳು ಅಚ್ಚಿಗೆ (ಆಕ್ಸಲ್ಲಿಗೆ) ಸೇರುವ ಬುಡದಲ್ಲಿ. ಭೂತಗನ್ನಡಿಯಲ್ಲಿ ನೋಡಿದರೆ ಮುರಿದ ಮುಖ ಗಾಜಿನ ಚೂರಿನ ಹಾಗೆ ನುಣ್ಣಗಿತ್ತು, ಪಕ್ಕದ ತೋಳಿನಲ್ಲೂ ಕೂದಲೆಳೆಯಷ್ಟು ತೆಳ್ಳಗಿನ ಬಿರುಕುಗಳು ಅಚ್ಚಿನ ಸುತ್ತ ಹೊರಟಿದ್ದವು. ಕೈ ತಾಗಿ ಮುರಿದ ಪ್ಲಾಸ್ಟಿಕ್ ಹೀಗಿರುವುದಿಲ್ಲ. ಅದು ಮೊದಲು ಬಾಗುತ್ತದೆ, ಬಾಗಿದಲ್ಲಿ ಬೆಳ್ಳಗಾಗುತ್ತದೆ.

ಆದದ್ದು ಇಷ್ಟು. ಪ್ಲಾಸ್ಟಿಕ್ ಎಲ್ಲಿ ಬಿಗಿದಿರುತ್ತದೋ, ಅಂದರೆ ಬಿಗಿಯಾಗಿ ತುರುಕಿದ ಅಚ್ಚು, ಬಗ್ಗಿಸಿ ಅಂಟಿಸಿದ ಫೆಂಡರ್, ಒಳಗೆ ಸ್ಪ್ರಿಂಗ್ ಒತ್ತುತ್ತಿರುವ ತೋಳು, ಅಲ್ಲಿಗೆ ಪೆಟ್ರೋಲಿಯಂ ದ್ರಾವಕ ಇಳಿದರೆ ಅಣುಸರಪಳಿಗಳ ಹಿಡಿತ ಸಡಿಲುತ್ತದೆ, ಬಿಗುವು ಬಿರುಕಾಗಿ ಹೊರಬರುತ್ತದೆ. ಬಿಗುವಿಲ್ಲದ ಚಪ್ಪಟೆ ಮೈಗೆ ಅದೇ ದ್ರವ ತಾಗಿದರೆ ಹೆಚ್ಚಿನ ಸಲ ಏನೂ ಆಗುವುದಿಲ್ಲ. ಅದಕ್ಕೇ ಟರೆಟ್ (ಮೇಲಿನ ತಿರುಗುವ ಗೋಪುರ) ನೆಟ್ಟಗಿತ್ತು, ಚಕ್ರ ಹೋಯಿತು. ಅಚ್ಚು ತೂರಿಸಿದ ತೂತಿನೊಳಗೆ ಬಣ್ಣವೂ ಇರುವುದಿಲ್ಲ, ಕ್ಲಿಯರೂ ಇರುವುದಿಲ್ಲ. ಸಂದಿಗೆ ನುಗ್ಗಿದ ದ್ರವ ಬೇಗ ಆರುವುದೂ ಇಲ್ಲ. ಟರ್ಪೆಂಟೈನ್ ಹೆಸರಿನಲ್ಲಿ ಬಿಡಿಯಾಗಿ ಸಿಗುವುದು ಬಹುಮಟ್ಟಿಗೆ ಮಿನರಲ್ ಟರ್ಪೆಂಟೈನ್, ಅಂದರೆ ಪೆಟ್ರೋಲಿಯಂ ದ್ರಾವಕವೇ. ಅದರ ಆರೊಮ್ಯಾಟಿಕ್ ಅಂಶ ಪ್ಲಾಸ್ಟಿಕ್ಕಿಗೆ ಹೆಚ್ಚು ಕೆಟ್ಟದ್ದು. ಸೀಮೆಎಣ್ಣೆ ಬೆರೆತಿದ್ದರೆ ಇನ್ನೂ ತೊಂದರೆ, ಜಿಡ್ಡು ಸಂದಿಯಲ್ಲೇ ಉಳಿಯುತ್ತದೆ.

ಯಾವ ಬಾಟಲಿಯನ್ನೂ ಮಾಡೆಲ್ಲಿಗೆ ತಾಗಿಸುವ ಮುಂಚೆ ಎರಡು ಪರೀಕ್ಷೆ ಮಾಡಿ. ಬಿಳಿ ಕಾಗದದ ಮೇಲೆ ಒಂದು ಹನಿ ಬಿಟ್ಟು ಮರುದಿನ ನೋಡಿ. ಜಿಡ್ಡಿನ ಉಂಗುರ ಉಳಿದಿದ್ದರೆ ಆ ಬಾಟಲಿ ಬೇಡ. ಎರಡನೆಯದು ಇನ್ನೂ ಮುಖ್ಯ. ಅದೇ ಕಿಟ್‌ನ ಸ್ಪ್ರೂ (ಬಿಡಿಭಾಗಗಳು ಅಂಟಿಕೊಂಡು ಬರುವ ಪ್ಲಾಸ್ಟಿಕ್ ಚೌಕಟ್ಟು) ತುಂಡೊಂದನ್ನು ಬಿಲ್ಲಿನ ಹಾಗೆ ಬಗ್ಗಿಸಿ, ಎರಡು ತುದಿಯನ್ನೂ ದಾರದಿಂದ ಕಟ್ಟಿ, ಬಾಗಿದ ಹೊರಮೈಗೆ ಬ್ರಷ್ಷಿನಲ್ಲಿ ದ್ರವ ಹಚ್ಚಿ. ಒಂದು ಗಂಟೆಯೊಳಗೆ ಸಣ್ಣ ಬಿರುಕು ಕಂಡರೆ, ಇಲ್ಲವೇ ಪಟ್ಟನೆ ಮುರಿದರೆ, ನಿಮ್ಮ ಬೋಗಿಗೂ ಅದೇ ಗತಿ. ಬೇರೆ ಕಿಟ್‌ನ ಸ್ಪ್ರೂ ಬೇಡ. ಒಂದೊಂದು ಕಂಪನಿಯ ಪ್ಲಾಸ್ಟಿಕ್ ಒಂದೊಂದು ಥರ, ಕೆಲವು ಕಿಟ್‌ಗಳಲ್ಲಿ ಎಬಿಎಸ್ ಎಂಬ ಬೇರೆ ಪ್ಲಾಸ್ಟಿಕ್ಕಿನ ಭಾಗಗಳೂ ಇರುತ್ತವೆ.

ವಾಶಿಗೆ ವಾಸನೆಯಿಲ್ಲದ, ಆರೊಮ್ಯಾಟಿಕ್ ತೆಗೆದ ವೈಟ್ ಸ್ಪಿರಿಟ್ಟನ್ನು ಸೀಲಿರುವ ಡಬ್ಬಿಯಲ್ಲೇ ಕೊಳ್ಳಿ. ಚಿತ್ರಕಲೆ ಸಾಮಾನಿನ ಅಂಗಡಿಯಲ್ಲಿ ಸಿಗುತ್ತದೆ. ಅದನ್ನೂ ಸುರಿಯಬೇಡಿ. 0 ಅಥವಾ 00 ನಂಬರಿನ ಬ್ರಷ್ಷಿನ ತುದಿಯಲ್ಲಿ ಸ್ವಲ್ಪ ತೆಗೆದುಕೊಂಡು ರಿವೆಟ್ ಸುತ್ತ, ಪ್ಯಾನೆಲ್ ಗೀರಿನಲ್ಲಿ ಮಾತ್ರ ಮುಟ್ಟಿಸಿ. ಚಕ್ರ, ಬೋಗಿ, ಟ್ರ್ಯಾಕಿಗೆ ಎನಾಮಲ್ ವಾಶೇ ಬೇಕಿಲ್ಲ. ನೀರಿನಲ್ಲಿ ಕದಡುವ ಅಕ್ರಿಲಿಕ್ ವಾಶ್ ಸಾಕು, ಹೇಗೂ ಅದರ ಮೇಲೆ ಕೆಸರು ಬರುತ್ತದೆ. ಜೋಡಿಸುವಾಗಲೇ ಬಿಗಿಯಾದ ತೂತುಗಳನ್ನು ಸೂಜಿ ಅರದಿಂದ ಒಂದಿಷ್ಟು ಸಡಿಲ ಮಾಡಿ. ಸ್ಪ್ರಿಂಗ್ ಇರುವ ಕಿಟ್ ಆದರೆ, ಶೆಲ್ಫಿನಲ್ಲಿ ನಿಲ್ಲುವ ಮಾಡೆಲ್ಲಿಗೆ ಆ ಸ್ಪ್ರಿಂಗ್ ಯಾಕೆ? ತೆಗೆದುಹಾಕಿ ತೋಳುಗಳನ್ನು ನೆಲಮಟ್ಟಕ್ಕೆ ಹೊಂದಿಸಿ ಅಂಟಿಸಿಬಿಡಿ.

ಎರಡನೇ ಪೆಟ್ಟು ಎನ್‌ಸಿ ಥಿನ್ನರಿನದು, ಮತ್ತು ಹವೆಯದು. ಮ್ಯಾಟ್ ಲ್ಯಾಕರ್ ಕ್ಲಿಯರನ್ನು ಅದರಲ್ಲಿ ತೆಳು ಮಾಡಿ, ಮಳೆ ಸುರಿಯುವ ಸಂಜೆ ಕಿಟಕಿ ತೆರೆದಿಟ್ಟು ಏರ್‌ಬ್ರಷ್ ಹೊಡೆದರು. ಕೆಲವೇ ನಿಮಿಷದಲ್ಲಿ ಇಡೀ ಟರೆಟ್ ಬೆಳ್ಳಗೆ ಮಂಜುಗಟ್ಟಿತು, ಕೆಳಗಿದ್ದ ವಾಶ್ ಕರಗಿ ಕದಡಿತು, ತೆಳುವಾಗಿ ಬಣ್ಣ ಕೂತಿದ್ದ ಅಂಚುಗಳಲ್ಲಿ ಪ್ಲಾಸ್ಟಿಕ್ಕೇ ಮೆತ್ತಗಾಯಿತು. ಟೊಲ್ವೀನ್, ಅಸಿಟೋನಿನಂಥ ದ್ರಾವಕಗಳಿರುವ ಎನ್‌ಸಿ ಥಿನ್ನರ್ ಪಾಲಿಸ್ಟೈರೀನನ್ನು ಕರಗಿಸುತ್ತದೆ. ಬೆಳ್ಳಗಾದದ್ದು ಮಾತ್ರ ನೀರಿನಿಂದ. ಥಿನ್ನರ್ ಆರುವಾಗ ಮೇಲ್ಮೈಯ ಶಾಖ ಎಳೆದುಕೊಳ್ಳುತ್ತದೆ. 28 ಡಿಗ್ರಿ ಸೆಲ್ಸಿಯಸ್, ಶೇ. 85 ತೇವ ಇರುವಾಗ ಇಬ್ಬನಿ ಕಟ್ಟುವ ತಾಪಮಾನ ಸುಮಾರು 25 ಡಿಗ್ರಿ. ಅಂದರೆ ಮೈ 3 ಡಿಗ್ರಿ ತಣ್ಣಗಾದರೆ ಸಾಕು, ಗಾಳಿಯ ನೀರು ಇನ್ನೂ ಹಸಿ ಇರುವ ಕ್ಲಿಯರಿನೊಳಗೆ ಕೂತುಬಿಡುತ್ತದೆ. ತೇವ ಶೇ. 60ಕ್ಕೆ ಇಳಿದರೆ ಅದೇ ಅಂತರ 8 ಡಿಗ್ರಿಗೂ ಹೆಚ್ಚು. ಆದ್ದರಿಂದ ಒಂದು ತೇವಮಾಪಕ ತಂದಿಡಿ, ಶೇ. 70 ದಾಟಿದ್ದರೆ ಲ್ಯಾಕರ್ ಹೊಡೆಯಬೇಡಿ. ಎಸಿ ಇದ್ದರೆ ಅರ್ಧ ಗಂಟೆ ಮೊದಲು ಡ್ರೈ ಮೋಡಿನಲ್ಲಿ ಹಾಕಿ, ಮಾಡೆಲ್ ಮತ್ತು ಬಣ್ಣ ಎರಡೂ ಅದೇ ಕೋಣೆಯಲ್ಲಿರಲಿ. ತಣ್ಣಗಾದ ಮಾಡೆಲ್ಲನ್ನು ಹೊಡೆಯಲು ಬಾಲ್ಕನಿಗೆ ಒಯ್ದರೆ ಮಾಡಿದ್ದೆಲ್ಲ ವ್ಯರ್ಥ. ಕಂಪ್ರೆಸರಿನ ಟ್ಯಾಂಕಿನ ನೀರನ್ನು ಪ್ರತಿ ಸಲ ಖಾಲಿ ಮಾಡಿ, ತೇವದ ಫಿಲ್ಟರನ್ನು ಏರ್‌ಬ್ರಷ್ಷಿಗೆ ಹತ್ತಿರ ಇಡಿ. 15ರಿಂದ 20 ಪಿಎಸ್‌ಐ ಒತ್ತಡದಲ್ಲಿ ತೆಳ್ಳನೆಯ ಎರಡು ಮೂರು ಪದರ ಸಾಕು. ಸ್ಪ್ರೇ ಡಬ್ಬಿ ಮಳೆಗಾಲಕ್ಕೆ ಬೇಡವೇ ಬೇಡ, ಅದರ ಗ್ಯಾಸು ಇನ್ನಷ್ಟು ತಂಪು ಮಾಡುತ್ತದೆ. ನಿಧಾನವಾಗಿ ಆರುವ ಲೆವೆಲಿಂಗ್ ಥಿನ್ನರ್ ಸಿಗದಿದ್ದರೆ ಟಾಮಿಯಾ ಕಂಪನಿಯ ಅಕ್ರಿಲಿಕ್ ಥಿನ್ನರ್ ಎಕ್ಸ್-20ಎ ಜೊತೆಗೆ ಅದೇ ಕಂಪನಿಯ ಅಕ್ರಿಲಿಕ್ ಕ್ಲಿಯರ್ ಬಳಸಿ, ಇಲ್ಲವೇ ಅಕ್ಟೋಬರಿನವರೆಗೆ ಕಾಯಿರಿ. ಕಾಯುವುದರಲ್ಲಿ ನಷ್ಟವೇನೂ ಇಲ್ಲ.

ಈಗಾಗಲೇ ಮಂಜುಗಟ್ಟಿದ್ದರೆ, ಒಣಹವೆಯ ದಿನ ಲೆವೆಲಿಂಗ್ ಥಿನ್ನರನ್ನಷ್ಟೇ ದೂರದಿಂದ ಹಗುರವಾಗಿ ಒಮ್ಮೆ ಹಾಯಿಸಿ. ಪದರ ಮತ್ತೆ ಸಡಿಲಾಗಿ ನೀರು ಹೊರಬೀಳುತ್ತದೆ. ಕೆಳಗೆ ಎನಾಮಲ್ ವಾಶ್ ಇದ್ದರೆ ಅದು ಹರಡುವ ಭಯವಿದೆ, ಮೊದಲು ಟ್ಯಾಂಕಿನ ಹೊಟ್ಟೆಯಡಿ ಪರೀಕ್ಷಿಸಿ. ಮುರಿದ ತೋಳಿಗೆ ಪ್ಲಾಸ್ಟಿಕ್ ಸಿಮೆಂಟ್ ನಿಲ್ಲುವುದಿಲ್ಲ. ಒಂದೆರಡು ದಿನ ಆರಲು ಬಿಟ್ಟು, ಕೈಡ್ರಿಲ್ಲಿನಲ್ಲಿ 1 ಮಿಮೀ ತೂತು ಕೊರೆದು, 1 ಮಿಮೀ ಹಿತ್ತಾಳೆ ಕಡ್ಡಿ ತೂರಿಸಿ ಎಪಾಕ್ಸಿ ಹಾಕಿ. ಸೂಪರ್‌ಗ್ಲೂ ಬೇಡ, ತೇವದ ಗಾಳಿಯಲ್ಲಿ ಅದರ ಆವಿ ಸುತ್ತಲೂ ಬಿಳಿ ಪುಡಿಯಾಗಿ ಕೂರುತ್ತದೆ, ಪೆರಿಸ್ಕೋಪಿನ ಗಾಜಿನ ಭಾಗಗಳು ಕುರುಡಾಗುತ್ತವೆ.

ಮನೆಯಲ್ಲಿ ಉಳಿದಿರುವ ಎನ್‌ಸಿ ಥಿನ್ನರ್ ಏರ್‌ಬ್ರಷ್ಷಿನ ಲೋಹದ ಭಾಗ ತೊಳೆಯಲಿಕ್ಕೆ ಆಗುತ್ತದೆ, ರಬ್ಬರ್ ಓ-ರಿಂಗ್ ತೆಗೆದಿಟ್ಟು ತೊಳೆಯಿರಿ. ಎನ್-95 ಮಾಸ್ಕ್ ಅದರ ಆವಿಯನ್ನು ತಡೆಯುವುದಿಲ್ಲ, ಇದ್ದಿಲಿನ ಕಾರ್ಟ್ರಿಜ್ ಇರುವ ಮಾಸ್ಕೇ ಬೇಕು. ಮುಂಬೈಯ ಒಂದು ಕೋಣೆಯ ಮನೆಯಲ್ಲಿ ಗ್ಯಾಸ್ ಒಲೆ, ದೇವರ ದೀಪ ಎರಡೂ ಹತ್ತು ಅಡಿಯೊಳಗೇ ಇರುತ್ತವೆ, ಆರಿಸದೆ ಮುಚ್ಚಳ ತೆರೆಯಬೇಡಿ. ನೀರಿನ ಬಾಟಲಿಯಲ್ಲಿ ತಂದದ್ದನ್ನು ಮನೆಗೆ ಬಂದ ಕೂಡಲೇ ಲೋಹದ ಡಬ್ಬಿಗೆ ಸುರಿದು, ಹೆಸರು ದೊಡ್ಡದಾಗಿ ಬರೆದು, ಮಕ್ಕಳ ಕೈಗೆ ಸಿಗದ ಕಡೆ ಇಡಿ. ಸಿಂಕಿಗೆ ಮಾತ್ರ ಸುರಿಯಬೇಡಿ.