ಕರೆಂಟ್ ಟ್ರೀಟ್‌ಮೆಂಟ್ ಆದ್ಮೇಲೆ ಫ್ಲೋರೈಡ್ ಟ್ರೇ: ಮೂರು ವರ್ಷ ಬಳಸಿದ ಅನುಭವ

ನಾಲಿಗೆ ಪಕ್ಕದಲ್ಲಿ ಕ್ಯಾನ್ಸರ್ ಆಗಿ ಆಪರೇಷನ್ ಮಾಡಿಸ್ಕೊಂಡು ಆಮೇಲೆ 30 ಸಿಟಿಂಗ್ ರೇಡಿಯೇಷನ್ (ಕರೆಂಟ್ ಕೊಡೋದು ಅಂತಾರಲ್ಲ, ಅದೇ) ತಗೊಂಡೋನು ನಾನು, ಒಟ್ಟು 60 ಗ್ರೇ (ಗ್ರೇ ಅಂದ್ರೆ ಕಿರಣದ ಅಳತೆ), ವಾರಕ್ಕೆ ಐದು ದಿನದ ಹಾಗೆ ಆರು ವಾರ. ಅದು ಮುಗಿದು ಮೂರು ವರ್ಷ ಆಯ್ತು, ಹಲ್ಲು ಹುಳುಕು ಹಿಡೀದೆ ಇರ್ಲಿ ಅಂತ ಈಗ್ಲೂ ದಿನಾ ರಾತ್ರಿ ಈ ಫ್ಲೋರೈಡ್ ಟ್ರೇ ಹಾಕ್ತೀನಿ. ನಡುವೆ ಮೂರು ತಿಂಗಳು ಬಿಟ್ಟಿದ್ದೆ, ಅದರ ಫಲಾನೂ ಹೇಳ್ತೀನಿ.

ಟ್ರೇ ಅಂದ್ರೆ ದೊಡ್ಡದೇನಲ್ಲ, ನಮ್ಮ ಹಲ್ಲಿನ ಅಚ್ಚು ತೆಗೆದು ಮಾಡೋ ತೆಳ್ಳನೆ ಪ್ಲಾಸ್ಟಿಕ್ ಕವಚ, ಮೇಲಕ್ಕೊಂದು ಕೆಳಕ್ಕೊಂದು. ಬ್ರಷ್ ಮಾಡಿ, ಒಳಗಡೆ 1.1% ಸೋಡಿಯಂ ಫ್ಲೋರೈಡ್ ಜೆಲ್ ಸಣ್ಣ ಎಳೆಯಾಗಿ ಹಾಕಿ, ಕೂರಿಸಿ, ನಾನು ಹತ್ತು ನಿಮಿಷ ಇಟ್ಕೋತೀನಿ. ತೆಗೆದು ಉಗಿಯೋದು ಅಷ್ಟೇ, ಬಾಯಿ ಮುಕ್ಕಳಿಸೋ ಹಾಗಿಲ್ಲ, ಅರ್ಧ ಗಂಟೆ ನೀರೂ ಇಲ್ಲ. ಒಣಗಿದ ಬಾಯಿಗೆ ಆ ಅರ್ಧ ಗಂಟೆ ಎಷ್ಟು ಉದ್ದ ಅಂತ ಅನುಭವಿಸಿದೋರಿಗೇ ಗೊತ್ತು. ಜೆಲ್ ಕೇಳುವಾಗ ನ್ಯೂಟ್ರಲ್ ಅಂತಾನೇ ಕೇಳಿ, ಆಸಿಡ್ ಇರೋದು ಹುಣ್ಣಾದ ಬಾಯಿಗೆ ತುಂಬಾ ಉರಿಯುತ್ತೆ.

ಇಷ್ಟೆಲ್ಲಾ ಯಾಕೆ ಅಂದ್ರೆ ಜೊಲ್ಲು. ಕಿವಿ ಮುಂದೆ ಇರೋ ದೊಡ್ಡ ಗ್ರಂಥಿಗೆ ಕಿರಣ ಜಾಸ್ತಿ ಬಿದ್ರೆ ನೀರಾಗಿ ಬರ್ತಿದ್ದ ಜೊಲ್ಲು ಕಮ್ಮಿಯಾಗಿ ಅಂಟಂಟು ನೂಲಿನ ಹಾಗೆ ಆಗೋಗುತ್ತೆ, ಆಮೇಲೆ ಹಲ್ಲಿನ ಮೇಲಿನ ಆಸಿಡ್ ತೊಳೆಯೋಕೆ ಬಾಯಲ್ಲಿ ಏನೂ ಇರಲ್ಲ. ಹುಳುಕು ಹಿಡಿಯೋ ಜಾಗವೂ ಬೇರೆ, ಸರಿಯಾಗಿ ವಸಡಿನ ಪಕ್ಕ, ಹಲ್ಲಿನ ಬುಡದಲ್ಲಿ ಸುತ್ತ ತಿನ್ಕೊಂಡು ಬರುತ್ತೆ. ಹಾಳಾದ್ರೆ ಕಿತ್ತು ಬಿಸಾಕಣ ಅನ್ನೋಕೂ ಆಗಲ್ಲ, ಕಿರಣ ಬಿದ್ದ ದವಡೆ ಮೂಳೆಗೆ ರಕ್ತ ಸರಿಯಾಗಿ ಹೋಗಲ್ಲ, ಕಿತ್ತ ಗಾಯ ಮಾಯದೆ ಮೂಳೆನೇ ಸಾಯಬಹುದು, ಈ ಭಯ ವರ್ಷಗಳಾದ್ರೂ ಹೋಗಲ್ಲ. ಹಾಗಾಗಿ ಉಳಿದಿರೋ ಹಲ್ಲು ಕಾಪಾಡ್ಕೊಳ್ಳೋದೇ ದಾರಿ.

ನನ್ನ ಬೇಜಾರು ಇರೋದು ಇಲ್ಲೇ. ಹಲ್ಲು ತೋರಿಸಿ ಬನ್ನಿ ಅಂತ ನನಗೆ ಹೇಳಿದ್ದು ರೇಡಿಯೇಷನ್ ಶುರುವಾಗೋಕೆ ಎಂಟು ದಿನ ಇರುವಾಗ. ಒಂದು ದವಡೆ ಹಲ್ಲು ಕೀಳಲೇಬೇಕಿತ್ತು, ಗಾಯ ಮಾಯೋಕೆ ಕನಿಷ್ಠ ಎರಡು ವಾರ ಬೇಕು, ಆ ಕಡೆ ರೇಡಿಯೇಷನ್ ಮುಂದೂಡೋದೂ ಒಳ್ಳೇದಲ್ಲ. ಒಂದು ವಾರ ತಡ ಆಯ್ತು, ಆ ಏಳು ರಾತ್ರಿ ನಾನೂ ನಿದ್ದೆ ಮಾಡಿಲ್ಲ ಮನೆಯೋರೂ ಮಾಡಿಲ್ಲ. ದಯವಿಟ್ಟು ಕ್ಯಾನ್ಸರ್ ಅಂತ ಗೊತ್ತಾದ ವಾರವೇ ಹಲ್ಲಿನ ಡಾಕ್ಟರ್ ಹತ್ರ ಹೋಗಿ, ಯಾರಾದ್ರೂ ಹೇಳ್ತಾರೆ ಅಂತ ಕಾಯಬೇಡಿ.

ಒಂದು ಮಾತು, ರೇಡಿಯೇಷನ್ನಿಂದ ಆಗೋ ಬಾಯಿ ಹುಣ್ಣನ್ನ ಈ ಟ್ರೇ ತಡೆಯಲ್ಲ. ರೇಡಿಯೇಷನ್ ನಡೀತಿದ್ದಾಗ್ಲೂ ಟ್ರೇ ಹಾಕ್ತಿದ್ದೆ, ಮೂರನೇ ವಾರಕ್ಕೆ ಕೆನ್ನೆ ಒಳಗೆಲ್ಲಾ ಚರ್ಮ ಸುಲಿದ ಹಾಗಾಗಿ ಟ್ರೇ ಅಂಚು ತಾಗಿದ್ರೇ ಕಣ್ಣಲ್ಲಿ ನೀರು ಬರ್ತಿತ್ತು, ಡಾಕ್ಟರ್‌ನ ಕೇಳಿ ನಿಲ್ಲಿಸಿದೆ. ಆಗ ಕೈ ಹಿಡಿದಿದ್ದು ಒಂದು ಲೀಟರ್ ನೀರಿಗೆ ಒಂದು ಟೀ ಚಮಚ ಉಪ್ಪು, ಒಂದು ಟೀ ಚಮಚ ಅಡುಗೆ ಸೋಡಾ, ಎದ್ದಿರೋ ಹೊತ್ತಲ್ಲಿ ಎರಡು ಗಂಟೆಗೊಂದ್ಸಲ ಮುಕ್ಕಳಿಸೋದು. ಆಲ್ಕೋಹಾಲ್ ಇರೋ ಮೌತ್‌ವಾಷ್ ಮಾತ್ರ ಹತ್ರಾನೂ ಸೇರಿಸಬೇಡಿ. ರೇಡಿಯೇಷನ್ ಮುಗಿದು ಐದು ವಾರಕ್ಕೆ ಹುಣ್ಣು ಮಾಯ್ತು, ಟ್ರೇ ಮತ್ತೆ ಶುರು.

ಬಾಯಿ ತೆರೆಯೋ ವ್ಯಾಯಾಮಾನೂ ಇದರ ಜೊತೆಗೇ ಸೇರಿದ್ದು, ರೇಡಿಯೇಷನ್ನಿಂದ ದವಡೆ ಬಿಗಿದ್ರೆ ಟ್ರೇ ಒಳಗೇ ಹೋಗಲ್ಲ. ನಾಲಿಗೆ ಒತ್ತಿ ನೋಡೋ ಮರದ ಕಡ್ಡಿ ಇರುತ್ತಲ್ಲ, ಅದನ್ನ ಒಂದರ ಮೇಲೊಂದು ಜೋಡಿಸಿ ಹಲ್ಲಿನ ನಡುವೆ ಇಟ್ಟು ಎಣಿಸ್ತಿದ್ದೆ, ಒಂದು ಕಡ್ಡಿ ಜಾಸ್ತಿ ಹಿಡಿದ ದಿನ ಮನೆಗೆಲ್ಲಾ ಹೇಳ್ಕೊಂಡು ಓಡಾಡಿದ್ದೀನಿ.

ಎರಡನೇ ವರ್ಷ ಎಲ್ಲಾ ಸರಿ ಇದೆ ಅನ್ಸಿ ಮೂರು ತಿಂಗಳು ಬಿಟ್ಟೆ. ಒಂದು ಬೆಳಗ್ಗೆ ಕನ್ನಡೀಲಿ ತುಟಿ ಎತ್ತಿ ನೋಡ್ತೀನಿ, ಕೆಳಗಿನ ಎರಡು ಮುಂಭಾಗದ ಹಲ್ಲಿನ ಬುಡದಲ್ಲಿ ಕಂದು ಗೆರೆ, ಪೆನ್ಸಿಲಲ್ಲಿ ಎಳೆದ ಹಾಗೆ. ಉಗುರು ತಾಗಿಸಿದ್ರೆ ಮೆತ್ತಗಿತ್ತು. ಎರಡೂ ತುಂಬಿಸಿದ್ರು, ಪುಣ್ಯಕ್ಕೆ ಕೀಳೋ ಮಟ್ಟಕ್ಕೆ ಹೋಗಿರ್ಲಿಲ್ಲ. ಅವತ್ತಿಂದ ಒಂದು ರಾತ್ರೀನೂ ತಪ್ಪಿಸಿಲ್ಲ, ಹೊಸ ಹುಳುಕೂ ಬಂದಿಲ್ಲ.

ಟ್ರೇನ ಬಿಸಿ ನೀರಲ್ಲಿ ತೊಳೀಬೇಡಿ, ಸೊಟ್ಟ ಆಗುತ್ತೆ, ನನ್ನ ಮೊದಲನೇ ಜೊತೆ ಹಾಗೇ ಹಾಳಾಯ್ತು. ಈಗಿರೋದು ತುಂಬಿಸಿದ ಹಲ್ಲಿನ ಮೇಲೆ ಸರಿಯಾಗಿ ಕೂರ್ತಿಲ್ಲ, ಮುಂದಿನ ವಾರ ಹೊಸ ಅಚ್ಚು ಕೊಡೋಕೆ ಹೋಗ್ತಿದ್ದೀನಿ.