ಹಳೇ ರಬ್ಬರ್ ಗಿಡ ಅಂತ ಬರೀ ಎಲೆ ಮಾರುತ್ತಿದ್ದಾರೆ, ಜೋಪಾನ

ಕಾರವಾರ, ಕುಮಟಾ, ಶಿರಸಿ ಕಡೆಯ ಗಿಡದ ಹುಚ್ಚಿನವರೆಲ್ಲ ದುಡ್ಡು ಕಳಿಸುವ ಮೊದಲು ಇದನ್ನು ಓದಿ.

ನಾನು ಹುಡುಕುತ್ತಿದ್ದುದು ಡೋಷೆರಿ. ರಬ್ಬರ್ ಗಿಡದ ಹಳೇ ಬಣ್ಣದೆಲೆ ತಳಿ. ಎಲೆ ಸ್ವಲ್ಪ ಸಪೂರ, ಹಸಿರು, ಬೂದು, ಕೆನೆ ಬಣ್ಣದ ತೇಪೆ, ತೊಟ್ಟು ನಸುಗುಲಾಬಿ. ಈಗ ನರ್ಸರಿಯಲ್ಲಿ ಕೇಳಿದರೆ ಕೊಡುವುದು ರೋಬಸ್ಟಾ, ಬರ್ಗಂಡಿ, ಟಿನೆಕೆ, ರೂಬಿ ಇಷ್ಟೇ. (ಹಾಲು ತೆಗೆಯುವ ತೋಟದ ರಬ್ಬರ್ ಅಲ್ಲ ಮಾರಾಯ್ರೇ, ಅದು ಬೇರೆ. ಇದು ಆಲ, ಅತ್ತಿಯ ಬಳಗದ್ದು, ಮೇಘಾಲಯದಲ್ಲಿ ಬೇರು ಹೆಣೆದು ಸೇತುವೆ ಮಾಡುತ್ತಾರಲ್ಲ, ಆ ಮರ.)

ವಾಟ್ಸಾಪಿನಲ್ಲಿ ಒಬ್ಬ ಮಾರಾಟಗಾರ ಸಿಕ್ಕ. "ಅಕ್ಕಾ, ಬ್ರಿಟಿಷರ ಕಾಲದ ಬಂಗಲೆ ಮರದ್ದು, ಬೇರು ಬಂದಿದೆ" ಅಂದ. ಸಾವಿರದ ಮೇಲೆ ತೆಗೆದುಕೊಂಡು ಬಸ್ಸಿಗೆ ಪಾರ್ಸೆಲ್ ಹಾಕಿದ. ಕುಂಡದಲ್ಲಿ ಒಂದೇ ಎಲೆ, ದಪ್ಪಗೆ, ಹೊಳೆಯುತ್ತಿತ್ತು. ಬೇರೂ ಇತ್ತು, ಸುಳ್ಳಲ್ಲ. ಆದರೆ ಮಳೆಗಾಲ ಪೂರ್ತಿ ಕಳೆದರೂ ಸುಳಿ ಇಲ್ಲ. ಕೇಳಿದಾಗೆಲ್ಲ "ಬಿಸಿಲು ಬರಲಿ ಅಕ್ಕಾ" ಅಂತಿದ್ದ. ಕೊನೆಗೆ ಮಣ್ಣು ಬಿಡಿಸಿ ನೋಡಿದರೆ ತೊಟ್ಟಿನ ತುದಿಯಿಂದಲೇ ಬೇರು, ಕಾಂಡದ ಚೂರೂ ಇಲ್ಲ. ಗೆಣ್ಣು (ಕಾಂಡದಲ್ಲಿ ಎಲೆ ಹುಟ್ಟುವ ಗಂಟು) ಇದ್ದರೆ ಮಾತ್ರ ಚಿಗುರು. ಬರೀ ಎಲೆ ನೆಟ್ಟರೆ ಬೇರು ಬಿಟ್ಟು ಹಾಗೇ ವರ್ಷಗಟ್ಟಲೆ ಕೂತಿರುತ್ತದೆ, ಗಿಡ ಆಗುವುದೇ ಇಲ್ಲ. ಅದೂ ಎಲೆ ಅಗಲ, ಅಂಚಿಗೆ ಮಾತ್ರ ಕೆನೆ ಬಣ್ಣ. ನನ್ನ ಪ್ರಕಾರ ಟಿನೆಕೆ. ಮೂಲ ಮರದ ಫೋಟೋ ಕೇಳಿದೆ. "ಕಡಿದುಬಿಟ್ರು" ಅಂದ, ಆಮೇಲೆ ಬ್ಲಾಕ್.

ಇನ್ನೂ ಎರಡು ಆಟ ನಡೆಯುತ್ತಿದೆ. ನೆರಳಲ್ಲಿ ಉದ್ದಕ್ಕೆ ಎಳೆದ ಮಾಮೂಲಿ ರೋಬಸ್ಟಾವನ್ನು "ಹಳೇ ಸಪೂರ ಎಲೆಯದ್ದು" ಅಂತ ಕೊಡುತ್ತಾರೆ. ಗೆಣ್ಣು ದೂರ ದೂರ ಇರುವುದನ್ನೇ ತೋರಿಸುತ್ತಾರೆ, ಅದು ಬರೀ ಬೆಳಕು ಸಾಲದ್ದಕ್ಕೆ. ಬಿಸಿಲಲ್ಲಿ ಬಂದ ಎಲೆಯ ಫೋಟೋ ಕೇಳಿ. ಎರಡನೇ ಆಟ, ಬಣ್ಣದೆಲೆ ಗಿಡದ ಬೀಜ ಅಂತ ಮಾರುವುದು. ಸುಮ್ನೆ ದುಡ್ಡು ದಂಡ. ಈ ಮರದಲ್ಲಿ ಬೀಜ ಕಟ್ಟಬೇಕಾದರೆ ಅದರದ್ದೇ ಒಂದು ಸಣ್ಣ ಕಣಜದ ಹುಳ ಬೇಕು, ಕಟ್ಟಿದರೂ ಆ ಬಣ್ಣ ಬೀಜದಿಂದ ಬರುವುದಿಲ್ಲ. ಕಡ್ಡಿಯಿಂದಲೋ ಗೂಟಿ ಕಟ್ಟಿಯೋ (ಮರದಲ್ಲಿರುವ ಕೊಂಬೆಗೇ ಬೇರು ಬರಿಸಿ) ಬೆಳೆಸಿದ್ದೇ ಆಗಬೇಕು. ಅದಕ್ಕೇ ಯಾವ ಮರದ ಕಡ್ಡಿ, ಯಾರ ಕೈಯಿಂದ ಯಾರಿಗೆ ಬಂತು ಅಂತ ಹೇಳಲಾಗದವನ ಹತ್ತಿರ "ಹಳೇ ತಳಿ" ಅನ್ನುವ ಮಾತಿಗೆ ಜಾಸ್ತಿ ಬೆಲೆ ಕೊಡಬೇಡಿ. ಎರಡು ಗೆಣ್ಣು, ಒಂದು ಹೊಸ ಎಲೆ ಕಾಣುವವರೆಗೆ ದುಡ್ಡು ಬಿಚ್ಚಬೇಡಿ.

ನಿಮ್ಮ ಮನೆ ಕಂಪೌಂಡಿನಲ್ಲೋ ಅಜ್ಜನ ಮನೆ ಹಿತ್ತಲಲ್ಲೋ ಬಿಳಲು ಬಿಟ್ಟ ಬಣ್ಣದೆಲೆಯ ಹಳೇ ಮರ ಇದ್ದರೆ, ಕಡಿಸುವ ಮೊದಲು ಒಂದು ಮೆಸೇಜ್ ಹಾಕಿ, ನಾನೇ ಬಂದು ಗೂಟಿ ಕಟ್ಟಿಕೊಳ್ಳುತ್ತೇನೆ.