ಭುಜದ ನೋವಿಗೆ ಫಿಸಿಯೋಥೆರಪಿ: ಅಳೆದು ಬರೆದಿಡುವ ಒಂದು ಕ್ಲಿನಿಕ್

ಅಮ್ಮನಿಗೆ ಫ್ರೋಜನ್ ಶೋಲ್ಡರ್ ಆಗಿತ್ತು, ಅಂದರೆ ಭುಜದ ಕೀಲು ಬಿಗಿದು ಹಿಡಿದುಕೊಳ್ಳುವ ತೊಂದರೆ. ಶುಗರ್ ಇರುವವರಲ್ಲಿ ಇದು ಜಾಸ್ತಿ. ಬಲಗೈ ಎತ್ತಿ ತಲೆ ಬಾಚಿಕೊಳ್ಳೋಕೆ ಆಗುತ್ತಿರಲಿಲ್ಲ, ಕೈ ಬೆನ್ನ ಹಿಂದೆ ಹೋಗುತ್ತಲೇ ಇರಲಿಲ್ಲ, ರಾತ್ರಿ ಆ ಮಗ್ಗುಲಿಗೆ ಹೊರಳಿದರೆ ನಿದ್ದೆ ಅಲ್ಲಿಗೆ ಮುಗಿಯಿತು. ಮೈಸೂರಿನಲ್ಲಿ ನಮ್ಮ ಮನೆ ಹತ್ತಿರದ ಒಂದು ಸಣ್ಣ ಫಿಸಿಯೋಥೆರಪಿ ಕ್ಲಿನಿಕ್‌ಗೆ ಕರೆದುಕೊಂಡು ಹೋದೆವು. ಇದು ಅದರ ರಿವ್ಯೂ.

ನನಗೆ ತುಂಬಾ ಹಿಡಿಸಿದ್ದು ಅವರ ಕಾರ್ಡ್. ಮೊದಲು ಹೋಗಿದ್ದ ಇನ್ನೊಂದು ಕಡೆ ಏನೂ ಅಳೆಯದೆ ಸೀದಾ ಮೆಷಿನ್ ಹಚ್ಚಿ ಮಲಗಿಸುತ್ತಿದ್ದರು. ಇಲ್ಲಿ ಮೊದಲ ದಿನವೇ ಗೋನಿಯೋಮೀಟರ್ (ಕೀಲು ಎಷ್ಟು ಡಿಗ್ರಿ ಆಡುತ್ತೆ ಅಂತ ಅಳೆಯೋ ಸಾಧನ) ಹಿಡಿದು ಅಳೆದರು: ಕೈ ಮುಂದಕ್ಕೆ ಎತ್ತಿದರೆ 90 ಡಿಗ್ರಿ, ಹೊರಕ್ಕೆ ತಿರುಗಿಸಿದರೆ ಬರೀ 10. ಆಮೇಲೆ ಪ್ರತಿ ವಾರವೂ ಅಳೆದು ಅದೇ ಕಾರ್ಡ್‌ನಲ್ಲಿ ಬರೆದರು. ಒಂದು ವಾರ ಏನೂ ಮುಂದೆ ಹೋಗಿರಲಿಲ್ಲ, ಅದನ್ನೂ ಹಾಗೇ ಬರೆದು ಅಮ್ಮನಿಗೆ ತೋರಿಸಿದರು.

ಇದು ಸಣ್ಣ ವಿಷಯ ಅಲ್ಲ. ಹೀಗೆ ಲೆಕ್ಕ ಇಡಬೇಕು ಅಂತ ಹಠ ಹಿಡಿದಿದ್ದವರು ಬಾಸ್ಟನ್ನಿನ ಸರ್ಜನ್ ಅರ್ನೆಸ್ಟ್ ಕಾಡ್‌ಮನ್. ಭುಜದ ಸ್ನಾಯುರಜ್ಜು (ಸ್ನಾಯುವನ್ನು ಮೂಳೆಗೆ ಕಟ್ಟುವ ಹುರಿ) ಹರಿದರೆ ಹೊಲಿದು ಸರಿಮಾಡಬಹುದು ಅಂತ 1911ರಲ್ಲೇ ಬರೆದವರು. ಪ್ರತಿ ರೋಗಿಗೂ ಒಂದು ಕಾರ್ಡ್ ಇರಬೇಕು, ಒಂದು ವರ್ಷ ಆದಮೇಲೆ ಅವರನ್ನು ಮತ್ತೆ ನೋಡಬೇಕು, ಗುಣ ಆಗದಿದ್ದರೆ ಯಾಕೆ ಆಗಲಿಲ್ಲ ಅಂತ ಹುಡುಕಿ ಬರೆಯಬೇಕು, ಅದನ್ನು ಎಲ್ಲರಿಗೂ ತೋರಿಸಬೇಕು ಅನ್ನೋದು ಅವರ ವಾದ. ದೊಡ್ಡ ದೊಡ್ಡ ವೈದ್ಯರಿಗೆ ಇದು ರುಚಿಸಲಿಲ್ಲ. 1914ರಲ್ಲಿ ಅವರು ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಗೆ ರಾಜೀನಾಮೆ ಕೊಟ್ಟರು. ಅಷ್ಟರಲ್ಲಿ ತಮ್ಮದೇ ಪುಟ್ಟ ಆಸ್ಪತ್ರೆ ತೆರೆದಿದ್ದರು, ಅಲ್ಲಿ ನೋಡಿದ 337 ರೋಗಿಗಳ ಲೆಕ್ಕವನ್ನು 123 ತಪ್ಪುಗಳ ಸಮೇತ ಅಚ್ಚು ಹಾಕಿಸಿದರು. ಈಗಲೂ ಯಾವ ಆಸ್ಪತ್ರೆ ಇಷ್ಟು ಧೈರ್ಯ ಮಾಡುತ್ತೆ ಹೇಳಿ? 1934ರಲ್ಲಿ ಭುಜದ ಬಗ್ಗೆಯೇ ಒಂದು ದಪ್ಪ ಪುಸ್ತಕ ಬರೆದರು. ಫ್ರೋಜನ್ ಶೋಲ್ಡರ್ ಅನ್ನೋ ಹೆಸರು ಬಂದದ್ದೂ ಅಲ್ಲಿಂದಲೇ. 1940ರಲ್ಲಿ ತೀರಿಕೊಂಡಾಗ ಅವರ ಸಮಾಧಿಗೆ ಹೆಸರು ಕೆತ್ತಿದ ಒಂದು ಕಲ್ಲೂ ಇರಲಿಲ್ಲ, ಅದನ್ನು ಇಟ್ಟದ್ದು 2014ರಲ್ಲಿ. ಓದಿದಾಗ ಹೊಟ್ಟೆ ಉರಿಯಿತು.

ಅಮ್ಮನಿಗೆ ಕಲಿಸಿದ ಮೊದಲ ವ್ಯಾಯಾಮವೂ ಕಾಡ್‌ಮನ್ ಅವರದ್ದೇ. ಚೆನ್ನಾಗಿರೋ ಕೈಯನ್ನು ಟೇಬಲ್ ಮೇಲೆ ಊರಿ, ಸೊಂಟ ಬಗ್ಗಿಸಿ, ನೋವಿರೋ ಕೈಯನ್ನು ಸಡಿಲವಾಗಿ ಇಳಿಬಿಡಬೇಕು. ಅಮ್ಮ ಬಲ ಹಾಕಿ ಕೈ ಬೀಸೋಕೆ ಶುರುಮಾಡಿದರು. ಅಲ್ಲಿನ ಹುಡುಗಿ ತಕ್ಷಣ ಭುಜದ ಮೇಲೆ ಎರಡು ಬೆರಳಿಟ್ಟು, 'ಇಲ್ಲಿ ಬಿಗಿ ಇದೆ ನೋಡಿ ಅಮ್ಮಾ. ಕೈ ಆಡಿಸಬೇಡಿ, ಮೈ ಆಡಿಸಿ, ಕೈ ತಾನಾಗೇ ಬರುತ್ತೆ' ಅಂದರು. ಗುಟ್ಟು ಇರೋದೇ ಅಲ್ಲಿ. ಕೈಯ ಭಾರಕ್ಕೇ ಕೀಲು ಸ್ವಲ್ಪ ಸಡಿಲ ಆಗಬೇಕು, ಸ್ನಾಯು ಸುಮ್ನೆ ಇರಬೇಕು. ಮೊಬೈಲ್‌ನಲ್ಲಿ ವಿಡಿಯೋ ನೋಡಿಕೊಂಡು ಮಾಡಿದರೆ ಆ ಎರಡು ಬೆರಳು ಸಿಗಲ್ಲ, ಅಲ್ವಾ? ನನ್ನ ಪ್ರಕಾರ ಫೀಸು ಕೊಡಬೇಕಾದ್ದು ಇದಕ್ಕೆ.

ಬೇಗ ವಾಸಿ ಮಾಡ್ತೀವಿ ಅಂತ ಅವರು ಹೇಳಲೇ ಇಲ್ಲ. ಈ ಕಾಯಿಲೆ ವರ್ಷಗಟ್ಟಲೆ ಎಳೆಯಬಹುದು ಅಂತ ಮೊದಲೇ ತಿಳಿಸಿದರು, ಶುಗರ್ ಹಿಡಿತದಲ್ಲಿಡಿ ಅಂತಲೂ ಹೇಳಿದರು. ಕೈ ಮುಂದಕ್ಕೆ ಎತ್ತೋದು ಕಾರ್ಡ್‌ನಲ್ಲಿ ಈಗ 150 ಡಿಗ್ರಿ ಇದೆ. ಅಮ್ಮ ತಾವೇ ಜಡೆ ಹಾಕಿಕೊಳ್ಳುತ್ತಾರೆ. ಹೊರಕ್ಕೆ ತಿರುಗಿಸೋದು ಮಾತ್ರ ಇನ್ನೂ ಪೂರ್ತಿ ಬಂದಿಲ್ಲ.

ಕೊರತೆಗಳೂ ಇವೆ. ಜಾಗ ತೀರಾ ಇಕ್ಕಟ್ಟು, ಹೆಂಗಸರಿಗೆ ಬರೀ ಒಂದು ಪರದೆ. ಮನೆಯಲ್ಲಿ ಮಾಡೋ ವ್ಯಾಯಾಮದ ಹಾಳೆ ಇಂಗ್ಲಿಷಿನಲ್ಲಿದೆ, ಕೇಳಿದ ಮೇಲೆ ಹಿಂದುಗಡೆ ಕನ್ನಡದಲ್ಲಿ ಬರೆದುಕೊಟ್ಟರು. ಬರೋರಲ್ಲಿ ಮುಕ್ಕಾಲು ಪಾಲು ಅಮ್ಮನ ವಯಸ್ಸಿನವರೇ ಇರುವಾಗ ಕನ್ನಡದ ಹಾಳೆಯನ್ನೇ ಅಚ್ಚು ಹಾಕಿಸಬೇಕು. ಸಂಜೆ ಜನ ಜಾಸ್ತಿ, ಹೇಳಿದ ಹೊತ್ತಿಗೆ ಒಳಗೆ ಕರೆಯಲ್ಲ. ಬೆಳಗ್ಗೆ ಫೋನ್ ಮಾಡಿಕೊಂಡು ಹೋಗಿ.